ನಿಮಗಿದು ಗೊತ್ತೇ? ಪರದೆಯ ಹಿಂದೆ ಹುಟ್ಟಿದ ಕಥೆಗಳು

◆ ‘ಡ್ರಾಕುಲಾ’ ಬರೆದ ಬ್ರಾಮ್ ಸ್ಟೋಕರ್‌ಗೆ ಅನ್ನ ಕೊಟ್ಟದ್ದು ಕಾದಂಬರಿಯಲ್ಲ, ನಾಟಕ ಕಂಪನಿಯ ಮ್ಯಾನೇಜರಿಕೆ. 1878ರ ಕೊನೆಯಲ್ಲಿ ಲಂಡನ್ನಿನ ಲೈಸಿಯಂ ಥಿಯೇಟರಿಗೆ ಸೇರಿಕೊಂಡವನು, ಅದರ ಯಜಮಾನನೂ ಮುಖ್ಯನಟನೂ ಆಗಿದ್ದ ಹೆನ್ರಿ ಅರ್ವಿಂಗ್ 1905ರಲ್ಲಿ ಕಣ್ಣುಮುಚ್ಚುವವರೆಗೂ ಅವನ ಬೆನ್ನಿಗೇ ಇದ್ದ. ಗಲ್ಲಾಪೆಟ್ಟಿಗೆಯ ಲೆಕ್ಕ, ನಟರ ಸಂಬಳ, ದಿನಕ್ಕೆ ಹತ್ತಾರು ಕಾಗದ, ಪ್ರವಾಸದ ರೈಲು, ಹಡಗು, ರಾತ್ರಿ ಊಟಕ್ಕೆ ಬರುವ ದೊಡ್ಡವರ ಉಪಚಾರ, ಎಲ್ಲವೂ ಅವನ ತಲೆಯ ಮೇಲೆ. ಕಥೆ ಬರೆಯಲು ಕೂರುತ್ತಿದ್ದದ್ದು ಹೆಚ್ಚಾಗಿ ಥಿಯೇಟರಿಗೆ ರಜೆ ಬಿದ್ದಾಗ.

◆ ಅದಕ್ಕೂ ಮೊದಲು ಆತ ಡಬ್ಲಿನ್‌ನಲ್ಲಿ ಸರಕಾರಿ ಗುಮಾಸ್ತ. ಪುಸ್ತಕವಾಗಿ ಅಚ್ಚಾದ ಅವನ ಮೊದಲ ಕೃತಿಯಲ್ಲಿ ರಕ್ತವೂ ಇಲ್ಲ, ರಕ್ಕಸನೂ ಇಲ್ಲ. 1879ರಲ್ಲಿ ಬಂದ ಅದು ಐರ್ಲೆಂಡಿನ ಕೆಳಕೋರ್ಟುಗಳ ಗುಮಾಸ್ತರು ದಿನನಿತ್ಯ ಏನೇನು ಮಾಡಬೇಕು ಎಂದು ವಿವರಿಸುವ ಕೈಪಿಡಿ. ಆ ಗುಮಾಸ್ತಗಿರಿ ‘ಡ್ರಾಕುಲಾ’ಕ್ಕೂ ಕೆಲಸಕ್ಕೆ ಬಂತು. ಹೇಗೆ ಎಂಬುದು ಮುಂದೆ ಬರುತ್ತದೆ.

◆ ಅರ್ವಿಂಗ್ ಕಣ್ಣಿಗೆ ಸ್ಟೋಕರ್ ಬಿದ್ದದ್ದು ಒಂದು ವಿಮರ್ಶೆಯಿಂದ. ಡಬ್ಲಿನ್ನಿನ ಪತ್ರಿಕೆಯೊಂದಕ್ಕೆ ಆತ ಬಿಡಿಗಾಸೂ ಪಡೆಯದೆ ನಾಟಕ ವಿಮರ್ಶೆ ಬರೆಯುತ್ತಿದ್ದ. 1876ರಲ್ಲಿ ಅರ್ವಿಂಗ್‌ನ ‘ಹ್ಯಾಮ್ಲೆಟ್’ ಬಗ್ಗೆ ಬರೆದದ್ದನ್ನು ಓದಿ ನಟನೇ ಊಟಕ್ಕೆ ಕರೆದ. ಊಟವಾದ ಮೇಲೆ ಕೊಲೆಗಾರನೊಬ್ಬನ ಕುರಿತ ಪದ್ಯವನ್ನು ಅರ್ವಿಂಗ್ ಎಷ್ಟು ಆವೇಶದಿಂದ ಹೇಳಿದನೆಂದರೆ, ಎತ್ತರದ ಆಳು, ಕಾಲೇಜಿನಲ್ಲಿ ಕ್ರೀಡಾಪಟುವಾಗಿ ಹೆಸರು ಮಾಡಿದ್ದ ಸ್ಟೋಕರ್ ಭಾವೋದ್ರೇಕ ತಡೆಯಲಾರದೆ ಕುಸಿದುಹೋದ. ಇದನ್ನು ಅವನೇ ಸಂಕೋಚವಿಲ್ಲದೆ ಬರೆದುಕೊಂಡಿದ್ದಾನೆ.

◆ ಸ್ಟೋಕರ್ ಮದುವೆಯಾದದ್ದು 1878ರ ಡಿಸೆಂಬರ್ 4ರಂದು. ಐದೇ ದಿನಕ್ಕೆ ಮದುಮಕ್ಕಳು ಬರ್ಮಿಂಗ್‌ಹ್ಯಾಮ್‌ನಲ್ಲಿ ಅರ್ವಿಂಗ್ ಮುಂದೆ ಹಾಜರು. ಹೆಂಡತಿ ಫ್ಲಾರೆನ್ಸ್‌ಳನ್ನು ಅದಕ್ಕೂ ಮೊದಲು ಬಯಸಿದ್ದವನು ಆಸ್ಕರ್ ವೈಲ್ಡ್.

◆ ಈಗ ಆ ಗುಮಾಸ್ತಗಿರಿಯ ವಿಚಾರ. ‘ಡ್ರಾಕುಲಾ’ದ ಬೇರು ಹುಡುಕಿಕೊಂಡು ಜನ ಟ್ರಾನ್ಸಿಲ್ವೇನಿಯಾಕ್ಕೆ ಹೋಗುತ್ತಾರೆ. ಸ್ಟೋಕರ್ ಅಲ್ಲಿಗೆ ಕಾಲಿಟ್ಟವನೇ ಅಲ್ಲ. ನನ್ನನ್ನು ಕೇಳಿದರೆ ಬೇರು ಇರುವುದು ಗುಮಾಸ್ತಗಿರಿಯಲ್ಲಿ ಪಳಗಿದ ಕಂಪನಿ ಮ್ಯಾನೇಜರನ ಮೇಜಿನ ಮೇಲೆ. ಕಾದಂಬರಿಯ ಮೊದಲ ಪುಟ ತೆರೆದು ನೋಡಿ. ಭಯ ಹುಟ್ಟಿಸುವ ಮಾತಿಗೆ ಮೊದಲು ಬರುವುದು ರೈಲಿನ ಲೆಕ್ಕ: ಮ್ಯೂನಿಕ್ ಬಿಟ್ಟದ್ದು ರಾತ್ರಿ 8.35ಕ್ಕೆ, ವಿಯೆನ್ನಾ ಸೇರಬೇಕಾದದ್ದು ಬೆಳಗ್ಗೆ 6.46ಕ್ಕೆ, ಗಾಡಿ ಒಂದು ತಾಸು ತಡ. ದೊಡ್ಡ ಮೇಳವನ್ನು ಸರಿಯಾದ ಹೊತ್ತಿಗೆ ಊರಿಂದೂರಿಗೆ ಸಾಗಿಸಿದವನಿಗಲ್ಲದೆ ಇನ್ನಾರಿಗೆ ರಕ್ತಪಿಪಾಸುವಿನ ಕಥೆಯನ್ನು ಹೀಗೆ ಶುರುಮಾಡಲು ಹೊಳೆದೀತು?

ಮುಂದೆ ಹೋದರೆ ಇನ್ನೂ ಸ್ಪಷ್ಟ. ಡ್ರಾಕುಲಾ ಇಂಗ್ಲೆಂಡಿಗೆ ಬರುವುದು ಬಾವಲಿಯಾಗಿ ಹಾರಿಕೊಂಡಲ್ಲ, ಮಣ್ಣು ತುಂಬಿದ 50 ಪೆಟ್ಟಿಗೆಗಳ ಸರಕಿನ ಜೊತೆ ಹಡಗಿನಲ್ಲಿ. ವಿಟ್ಬಿ ಬಂದರಿನ ವಕೀಲರು ಲಂಡನ್ನಿನ ಸಾಗಣೆದಾರರಿಗೆ ಬರೆದ ಕಾಗದವೇ ಕಾದಂಬರಿಯಲ್ಲಿದೆ: ಸರಕಿನ ಪಟ್ಟಿ ಲಗತ್ತಿಸಿದೆ, ಇಂಥ ರೈಲಿನಲ್ಲಿ ಕಳಿಸಿದ್ದೇವೆ, ಇಂಥ ಕಟ್ಟಡದಲ್ಲಿ ಇಳಿಸಿ, ಬೀಗದ ಕೈ ಇದರೊಂದಿಗಿದೆ ಎಂಬ ಧಾಟಿ. ರಾಕ್ಷಸನ ಬೇಟೆಗೆ ಹೊರಟವರು ಮೊದಲು ಹಿಡಿಯುವುದು ಶಿಲುಬೆಯನ್ನಲ್ಲ, ರಸೀತಿಗಳನ್ನು. ಗಾಡಿಯವರಿಗೆ, ಹಮಾಲರಿಗೆ ಕುಡಿಯಲು ಕಾಸು ಕೊಟ್ಟು ಬಾಯಿ ಬಿಡಿಸುತ್ತಾರೆ. ಮೈಲ್ ಎಂಡ್‌ಗೆ ಆರು, ಬರ್ಮಂಡ್ಸಿಗೆ ಆರು, ಪಿಕಡಿಲಿಗೆ ಒಂಬತ್ತು, ಉಳಿದ 29 ಇಳಿಸಿದಲ್ಲೇ. ಲೆಕ್ಕ ತಾಳೆಯಾಯಿತು ಅನ್ನುವಾಗ ಪಿಕಡಿಲಿಯಲ್ಲಿ ಒಂದು ಪೆಟ್ಟಿಗೆ ಕಡಿಮೆ! ಕಥೆಯ ಕೊನೆಯ ಓಟವೆಲ್ಲ ಆ ಒಂದು ಪೆಟ್ಟಿಗೆಯ ಹಿಂದೆ. ಒಂದೂರಲ್ಲಿ ಸೀನರಿ ಇಳಿಸಿಕೊಂಡು ಪೆಟ್ಟಿಗೆ ಎಣಿಸಿ, ಒಂದು ಕಡಿಮೆ ಬಿದ್ದಾಗ ಎದೆ ಧಸಕ್ಕೆಂದ ಅನುಭವ ಇದ್ದವರಿಗೆ ಈ ಭಯ ಅರ್ಥವಾಗುತ್ತದೆ.

◆ ಆ ಕಾದಂಬರಿಯ ನಾಯಕಿ ಮೀನಾಗೆ ರೈಲಿನ ವೇಳಾಪಟ್ಟಿ ಬಾಯಿಪಾಠ. ಗಂಡನಿಗೆ ಅನುಕೂಲವಾಗಲೆಂದು ಮನೆಯಲ್ಲಿ ಕೂತು ತಾನೇ ಪಟ್ಟಿ ಮಾಡುತ್ತಿದ್ದವಳು. ಟೈಪ್ ಮಾಡುತ್ತಾಳೆ, ಶೀಘ್ರಲಿಪಿ ಬಲ್ಲಳು, ಚೆಲ್ಲಾಪಿಲ್ಲಿಯಾದ ದಿನಚರಿಗಳನ್ನೂ ತಂತಿಗಳನ್ನೂ ತಾರೀಖಿನ ಪ್ರಕಾರ ಜೋಡಿಸುತ್ತಾಳೆ. ಡ್ರಾಕುಲಾನನ್ನು ಸೋಲಿಸಿದ್ದರಲ್ಲಿ ಬೆಳ್ಳುಳ್ಳಿಗಿಂತ ಈಕೆಯ ಕಡತದ ಪಾಲು ಹೆಚ್ಚು. ಸ್ಟೋಕರ್ ತನ್ನ ಕೆಲಸವನ್ನೆಲ್ಲ ಈ ಹೆಂಗಸಿನ ಕೈಗೆ ಕೊಟ್ಟಿದ್ದಾನೆ ಎಂದು ಅನ್ನಿಸದೆ ಇರದು.

◆ ಅರ್ವಿಂಗ್ ಕಂಪನಿ 1883ರಿಂದ 1904ರ ನಡುವೆ ಎಂಟು ಸಲ ಅಮೆರಿಕ ಪ್ರವಾಸ ಮಾಡಿತು. ಇಂಥದೊಂದು ಪ್ರವಾಸದಲ್ಲೇ, 1884ರಲ್ಲಿ, ಸ್ಟೋಕರ್ ತಾನು ಹರೆಯದಿಂದ ಆರಾಧಿಸುತ್ತಿದ್ದ ಕವಿ ವಾಲ್ಟ್ ವಿಟ್ಮನ್‌ನನ್ನು ಕಂಡ.

◆ ಲೈಸಿಯಂ ರಂಗದ ಹಿಂದೆ ‘ಬೀಫ್‌ಸ್ಟೇಕ್ ರೂಮ್’ ಎಂಬ ಹಳೆಯ ಕೋಣೆಯಿತ್ತು. ಆಟ ಮುಗಿದ ಮೇಲೆ ಅರ್ವಿಂಗ್‌ನ ಊಟದ ಪಂಕ್ತಿ ಅಲ್ಲಿ. ಪಿಯಾನೊ ಮಾಂತ್ರಿಕ ಫ್ರಾಂಜ್ ಲಿಸ್ಟ್ ಬಂದು ಉಂಡು ಹೋದ. ‘ಅರೇಬಿಯನ್ ನೈಟ್ಸ್’ ಅನುವಾದಿಸಿದ ಸಾಹಸಿ ರಿಚರ್ಡ್ ಬರ್ಟನ್‌ನ ಜೊತೆಗೂ ಸ್ಟೋಕರ್ ಮೇಜಿಗೆ ಕೂತವನೇ. ಬರ್ಟನ್ ಮಾತಾಡುವಾಗ ಮೇಲ್ತುಟಿ ಎದ್ದು ಕೋರೆಹಲ್ಲು ಪೂರ್ತಿ ಕಾಣುತ್ತಿತ್ತೆಂದು ಮುಂದೆ ನೆನಪಿನ ಪುಸ್ತಕದಲ್ಲಿ ಬರೆದ. ಹಂಗೇರಿಯ ವಿದ್ವಾಂಸ ಆರ್ಮಿನಿಯಸ್ ವ್ಯಾಂಬರಿ 1890ರ ಏಪ್ರಿಲ್‌ನಲ್ಲಿ ಅತಿಥಿಯಾಗಿದ್ದ. ‘ಡ್ರಾಕುಲಾ’ದಲ್ಲಿ ಬೇಟೆಯ ಮುಂದಾಳು ಪ್ರೊಫೆಸರ್ ವಾನ್ ಹೆಲ್ಸಿಂಗ್‌ಗೆ ಬುಡಾಪೆಸ್ಟ್‌ನಿಂದ ಮಾಹಿತಿ ಕಳಿಸುವ ಗೆಳೆಯನ ಹೆಸರೂ ಆರ್ಮಿನಿಯಸ್! ಯಾರು ಯಾರ ಪಕ್ಕ ಕೂರಬೇಕು ಎಂದು ನೋಡಿಕೊಳ್ಳುತ್ತಿದ್ದ ಮ್ಯಾನೇಜರ್ ಯಾರ ಹಲ್ಲು ಹೇಗಿದೆ ಎಂಬುದನ್ನೂ ನೋಡಿಕೊಳ್ಳುತ್ತಿದ್ದ ಅಂದಾಯಿತು.

◆ ಡ್ರಾಕುಲಾ ಎಂಬ ಹೆಸರು ಸಿಕ್ಕಿದ್ದು ಮಾತ್ರ ಥಿಯೇಟರಿನಲ್ಲಲ್ಲ. 1890ರ ಬೇಸಗೆ ರಜೆಯಲ್ಲಿ ವಿಟ್ಬಿ ಊರಿನ ಲೈಬ್ರರಿಯಲ್ಲಿ, 1820ರ ಒಂದು ಹಳೆಯ ಪುಸ್ತಕದಲ್ಲಿ. ಅದಕ್ಕೂ ಮುಂಚಿನ ಟಿಪ್ಪಣಿಗಳಲ್ಲಿ ಖಳನಾಯಕ ಬರೀ ‘ಕೌಂಟ್ ವ್ಯಾಂಪೈರ್’. ಈ ಟಿಪ್ಪಣಿಗಳು ಈಗ ಅಮೆರಿಕದ ಫಿಲಡೆಲ್ಫಿಯಾದ ರೋಸೆನ್‌ಬಾಕ್ ಮ್ಯೂಸಿಯಂನಲ್ಲಿವೆ.

◆ ಡ್ರಾಕುಲಾಗೆ ಮಾದರಿ ಸ್ವತಃ ಅರ್ವಿಂಗ್ ಎನ್ನುವವರು ಬಹಳ. ಉದ್ದನೆಯ ಮುಖ, ಜನರನ್ನು ಮಂತ್ರಕ್ಕೆ ಸಿಕ್ಕಿಸುವ ದನಿ, ಸುತ್ತಲಿನವರ ಶಕ್ತಿಯನ್ನೆಲ್ಲ ಹೀರುವ ಯಜಮಾನಿಕೆ ಹೊಂದುತ್ತವೆ, ನಿಜ. ಆದರೂ ಇದು ಸ್ವಲ್ಪ ಹೆಚ್ಚು ಸಲೀಸಾದ ವಿವರಣೆ. ಅರ್ವಿಂಗ್ ಎಂಬ ಮನುಷ್ಯನಿಗಿಂತ ಅವನು ಹಾಕಿದ ವೇಷದ ಕಡೆ ಬೊಟ್ಟುಮಾಡುವುದು ವಾಸಿ. 1885ರ ಡಿಸೆಂಬರ್‌ನಿಂದ ‘ಫೌಸ್ಟ್’ ನಾಟಕದಲ್ಲಿ ಆತ ಸೈತಾನನ ಪಾತ್ರ ಮಾಡಿದ. ಅದನ್ನು ಸೈಡ್ ವಿಂಗಿನಿಂದ ಸ್ಟೋಕರ್ ನೂರಾರು ರಾತ್ರಿ ನೋಡಿದ್ದಾನೆ.

◆ ಆ ‘ಫೌಸ್ಟ್’ನಲ್ಲಿ ಕತ್ತಿ ಕತ್ತಿಗೆ ತಾಗಿದರೆ ಕಿಡಿ ಹಾರುತ್ತಿತ್ತು. ಮಂತ್ರವಲ್ಲ, ಕರೆಂಟು! ರಂಗದ ನೆಲಕ್ಕೆ ಕಬ್ಬಿಣದ ತಗಡು ಬಡಿದು, ಕಾದಾಡುವವರ ಬೂಟಿನ ಅಡಿಗೆ ಲೋಹ ಹಾಕಿ, ಅಲ್ಲಿಂದ ಬಟ್ಟೆಯೊಳಗೆ ತಂತಿ ಎಳೆದು ರಬ್ಬರ್ ಕೈಗವಸಿನ ಮೂಲಕ ಕತ್ತಿಯ ಹಿಡಿಗೆ ಮುಟ್ಟಿಸಿದ್ದರು. ಇಷ್ಟು ಮಾಡಿಯೂ ಅರ್ವಿಂಗ್‌ಗೆ ರಂಗದ ಬೆಳಕಾಗಿ ಕರೆಂಟು ಒಗ್ಗಲಿಲ್ಲ. ಗ್ಯಾಸ್ ದೀಪದ ಮೆತ್ತನೆಯ ಬೆಳಕೇ ಬೇಕು ಎಂದು ಅವನೂ ನಾಯಕನಟಿ ಎಲೆನ್ ಟೆರ‍್ರಿಯೂ ಪಟ್ಟು ಹಿಡಿದಿದ್ದರು.

◆ ನ್ಯೂರೆಂಬರ್ಗ್‌ನಲ್ಲಿ ನಡೆಯುವ ಸ್ಟೋಕರ್‌ನ ಭಯಾನಕ ಕಥೆಯೊಂದರ ಆರಂಭದಲ್ಲೇ ಅರ್ವಿಂಗ್‌ನ ‘ಫೌಸ್ಟ್’ ಪ್ರಸ್ತಾಪವಿದೆ. ‘ಡ್ರಾಕುಲಾ’ದಲ್ಲಿ ಬರುವ ಪತ್ರಿಕಾ ವರದಿಯೊಂದರಲ್ಲಿ ಎಲೆನ್ ಟೆರ‍್ರಿಯ ಹೆಸರೇ ಇದೆ. ಕಂಪನಿಯ ಜಾಹೀರಾತನ್ನು ಕಥೆಯೊಳಗೂ ಬಿಡದ ಮ್ಯಾನೇಜರ್!

◆ ಲೈಸಿಯಂಗೂ ರಕ್ತಪಿಪಾಸುಗಳಿಗೂ ನಂಟು ಸ್ಟೋಕರ್ ಹುಟ್ಟುವ ಮೊದಲಿನದು. 1820ರಲ್ಲಿ ಅದೇ ಜಾಗದಲ್ಲಿದ್ದ ಹಳೆಯ ಕಟ್ಟಡದಲ್ಲಿ ಜೇಮ್ಸ್ ಪ್ಲಾಂಚೆ ಎಂಬ ನಾಟಕಕಾರನ ‘ದಿ ವ್ಯಾಂಪೈರ್’ ಆಡಿದರು. ಅದಕ್ಕೆಂದೇ ಹೊಸ ಬಗೆಯ ಕಳ್ಳಬಾಗಿಲು ತಯಾರಾಯಿತು. ಎರಡು ಹಲಗೆ, ಸ್ಪ್ರಿಂಗ್ ಹಾಕಿದ ಕೀಲು. ಮೈಭಾರ ಬಿದ್ದರೆ ಬಾಯಿ ಬಿಟ್ಟು ನಟನನ್ನು ನುಂಗಿ ಮರುಗಳಿಗೆ ಮುಚ್ಚಿಕೊಳ್ಳುತ್ತಿತ್ತು. ಎದುರು ಕೂತವರಿಗೆ ಅವನು ಗಟ್ಟಿ ನೆಲದೊಳಗೇ ಕರಗಿಹೋದ ಹಾಗೆ. ಇಂದಿಗೂ ರಂಗತಂತ್ರದ ಪುಸ್ತಕಗಳಲ್ಲಿ ಅದರ ಹೆಸರು ‘ವ್ಯಾಂಪೈರ್ ಟ್ರ್ಯಾಪ್’.

◆ ಆ ನಾಟಕ ಸ್ಕಾಟ್ಲೆಂಡಿನಲ್ಲಿ ನಡೆಯುತ್ತದೆ. ಯಾಕೆ? ಥಿಯೇಟರಿನ ಯಜಮಾನನಿಗೆ ಸ್ಕಾಟಿಷ್ ಸಂಗೀತದ ಹುಚ್ಚು, ಅದಕ್ಕಿಂತ ಮುಖ್ಯವಾಗಿ ಸ್ಕಾಟಿಷ್ ಉಡುಪುಗಳು ಪೆಟ್ಟಿಗೆಯಲ್ಲಿ ಸಿದ್ಧವಾಗಿದ್ದವು! ರಕ್ತ ಹೀರುವವರ ನಂಬಿಕೆಗೂ ಸ್ಕಾಟ್ಲೆಂಡಿಗೂ ಸಂಬಂಧವಿಲ್ಲ ಎಂದು ಪ್ಲಾಂಚೆ ಎಷ್ಟು ಹೇಳಿದರೂ ನಡೆಯಲಿಲ್ಲ. ಯಾವ ಊರಲ್ಲಿ ಕಥೆ ನಡೆಯಬೇಕು ಎಂಬುದನ್ನು ವಸ್ತ್ರಭಂಡಾರ ತೀರ್ಮಾನಿಸಿದ ಪ್ರಸಂಗಗಳು ನಮ್ಮ ಕಂಪನಿ ನಾಟಕದವರಿಗೂ ಹೊಸದೇನಲ್ಲ.

◆ ಆ ನಾಟಕದಲ್ಲಿ ರಕ್ತಪಿಪಾಸುವಾಗಿದ್ದ ಟಿ.ಪಿ. ಕುಕ್ ಎಂಬ ನಟನೇ ಮೂರು ವರ್ಷದ ಮೇಲೆ, 1823ರಲ್ಲಿ, ಅದೇ ರಂಗದ ಮೇಲೆ ಫ್ರಾಂಕೆನ್‌ಸ್ಟೈನ್‌ನ ವಿಕಾರಜೀವಿಯಾದ. ನೋಡಲು ಸ್ವತಃ ಮೇರಿ ಶೆಲ್ಲಿ ಬಂದಿದ್ದಳು. ಪಾತ್ರಪಟ್ಟಿಯಲ್ಲಿ ಆ ಜೀವಿಯ ಹೆಸರಿನ ಜಾಗದಲ್ಲಿ ಬರೀ ಗೆರೆ ಎಳೆದಿದ್ದರು. ಅದು ಆಕೆಗೆ ಬಹಳ ಹಿಡಿಸಿತು.

◆ ಪರದೆಯ ಹಿಂದಿನ ಕಸುಬು ನೇರವಾಗಿ ಕಥೆಯಾಗುವುದು ಹೇಗೆಂದು ನೋಡಬೇಕಾದರೆ ‘ಡ್ರಾಕುಲಾ’ಕ್ಕಿಂತ ಸ್ಟೋಕರ್‌ನ ‘ಸ್ನೋಬೌಂಡ್’ (1908) ಒಳ್ಳೆಯದು. ಪ್ರವಾಸ ಹೊರಟ ನಾಟಕ ಕಂಪನಿಯ ರೈಲು ಹಿಮದಲ್ಲಿ ಸಿಕ್ಕಿಬೀಳುತ್ತದೆ. ಚಳಿ ಮರೆಯಲು ಒಬ್ಬೊಬ್ಬರೂ ಒಂದೊಂದು ಕಥೆ ಹೇಳುತ್ತಾರೆ. ಅದರಲ್ಲಿ ‘ಸ್ಟಾರ್ ಟ್ರ್ಯಾಪ್’ ಎಂಬುದೊಂದಿದೆ.

ಮೊದಲು ಆ ಸಾಧನ ಏನೆಂದು ತಿಳಿಯಬೇಕು. ರಂಗದ ನೆಲದಲ್ಲಿ ದುಂಡನೆಯ ತೂತು. ಅದಕ್ಕೆ ಸುತ್ತಲಿಂದ ತ್ರಿಕೋನಾಕಾರದ ಹಲಗೆಗಳು, ಒಂದೊಂದಕ್ಕೂ ಅಂಚಿನಲ್ಲಿ ಕೀಲು, ಚೂಪು ತುದಿಗಳೆಲ್ಲ ನಡುವೆ ಕೂಡುತ್ತವೆ. ಮುಚ್ಚಿದಾಗ ಮೇಲಿಂದ ನಕ್ಷತ್ರದ ಗೆರೆ ಮಾತ್ರ ಕಾಣುವುದು. ಕೆಳಗೆ ನೆಲಮಾಳಿಗೆಯಲ್ಲಿ ನಟ ಒಂದು ಸಣ್ಣ ಹಲಗೆಯ ಮೇಲೆ ಮೈ ಬಿಗಿಹಿಡಿದು ನಿಂತಿರುತ್ತಾನೆ. ಆ ಹಲಗೆಗೆ ಹಗ್ಗ, ಹಗ್ಗಕ್ಕೆ ರಾಟೆ, ಇನ್ನೊಂದು ತುದಿಗೆ ನಟನ ತೂಕಕ್ಕಿಂತ ಬಹಳ ಹೆಚ್ಚಿನ ಭಾರ. ಸನ್ನೆ ಸಿಕ್ಕೊಡನೆ ಆಳುಗಳು ಭಾರ ಬಿಡುತ್ತಾರೆ. ಹಲಗೆ ಬಾಣದ ಹಾಗೆ ಮೇಲೇರುತ್ತದೆ, ನಟನ ತಲೆ ತಾಗಿ ತ್ರಿಕೋನಗಳು ಅರಳುತ್ತವೆ, ಆತ ಗಾಳಿಗೆ ಚಿಮ್ಮಿ ಕೆಳಗಿಳಿಯುವುದರೊಳಗೆ ಅವು ಮತ್ತೆ ಮುಚ್ಚಿಕೊಂಡಿರುತ್ತವೆ. ಕಾಲೂರಲು ಗಟ್ಟಿ ನೆಲ. ಕೈ ಒಂದಿಷ್ಟು ಅಗಲಿಸಿದರೂ ಮುರಿದಂತೆ. ಕೀಲು ಒಂದು ಬಿಗಿಯಾಗಿದ್ದರೆ ಕೇಳುವುದೇ ಬೇಡ.

ಸ್ಟೋಕರ್ ಹಿಡಿದದ್ದು ಅದನ್ನೇ. ಕಥೆಯಲ್ಲಿ ಯಂತ್ರದ ಮೇಸ್ತ್ರಿಯ ಹೆಂಡತಿಗೂ ಟ್ರ್ಯಾಪಿನಿಂದ ಚಿಮ್ಮುವ ಕೋಡಂಗಿಗೂ ಸಲಿಗೆ. ಒಂದು ರಾತ್ರಿ ಬಾಗಿಲು ಅರಳುವುದಿಲ್ಲ. ಸತ್ಯ ಗೊತ್ತಿರುವುದು ಮೇಸ್ತ್ರಿಯ ಕೈಕೆಳಗೆ ಕಲಿಯುತ್ತಿದ್ದ ಹುಡುಗನೊಬ್ಬನಿಗೆ. ವರ್ಷಗಳ ಮೇಲೆ ಅವನೇ ಕಥೆ ಹೇಳುತ್ತಿದ್ದಾನೆ. ಇಲ್ಲಿ ದೆವ್ವವಿಲ್ಲ, ಕೋಟೆಯಿಲ್ಲ. ಕೊಲೆಗಾರನ ಆಯುಧ ದಿನಾ ಎಣ್ಣೆ ಹಾಕಿ ಜೋಪಾನ ಮಾಡುವ ಕೀಲು. ಸ್ಟೋಕರ್ ಬರೆದ ಎಷ್ಟೋ ದಪ್ಪ ಕಾದಂಬರಿಗಳನ್ನು ಮರೆತರೂ ನಷ್ಟವಿಲ್ಲ, ಈ ಸಣ್ಣ ಕಥೆಯನ್ನು ಹುಡುಕಿ ಓದಬೇಕು.

◆ ‘ಡ್ರಾಕುಲಾ’ ಪುಸ್ತಕವಾಗುವ ಮೊದಲೇ ನಾಟಕವಾಗಿತ್ತು! ಪುಸ್ತಕ ಹೊರಬಂದದ್ದು 1897ರ ಮೇ 26ರಂದು. ಎಂಟು ದಿನ ಮೊದಲು, ಮೇ 18ರ ಬೆಳಗ್ಗೆ, ಲೈಸಿಯಂನಲ್ಲಿ ಅದರ ರಂಗವಾಚನ ನಡೆಯಿತು. ಕಲೆಯ ಹುಚ್ಚಿನಿಂದಲ್ಲ, ಕಾನೂನಿಗಾಗಿ. ನಾಟಕದ ಹಕ್ಕು ಕೈತಪ್ಪಬಾರದೆಂದರೆ ಅದು ಒಮ್ಮೆ ರಂಗದ ಮೇಲೆ ಬಂದಿರಬೇಕು ಎಂಬ ನಿಯಮವಿತ್ತು. ಸ್ಟೋಕರ್ ಕಾದಂಬರಿಯ ಅಚ್ಚುಪ್ರತಿಯ ಹಾಳೆಗಳನ್ನು ಕತ್ತರಿಸಿ ಅಂಟಿಸಿ, ನಡುನಡುವೆ ಕೈಯಲ್ಲಿ ಬರೆದು ನಾಟಕ ಮಾಡಿದ: ಐದು ಅಂಕ, 40ಕ್ಕೂ ಮೀರಿದ ದೃಶ್ಯ. ಓದಿ ಮುಗಿಸಲು ಹಲವು ತಾಸು ಹಿಡಿಯಿತು. ಮೀನಾ ಪಾತ್ರ ಓದಿದವಳು ಎಲೆನ್ ಟೆರ‍್ರಿಯ ಮಗಳು ಈಡಿತ್ ಕ್ರೇಗ್. ಅರ್ವಿಂಗ್ ಒಂದು ಗಳಿಗೆ ಇಣುಕಿ, ‘ಭಯಂಕರ!’ ಎಂದು ಗೊಣಗಿ ಹೊರಟುಹೋದ ಎಂಬ ಕಥೆ ಹರಿದಾಡುತ್ತದೆ. ಡ್ರಾಕುಲಾನ ಪಾತ್ರವನ್ನು ಅವನು ಎಂದೂ ಮಾಡಲಿಲ್ಲ ಎಂಬುದಂತೂ ಖಂಡಿತ.

◆ ಮುಂದಿನ ವರ್ಷ, 1898ರ ಫೆಬ್ರುವರಿ 18ರಂದು, ಲಂಡನ್ನಿನ ಸದರ್ಕ್‌ನಲ್ಲಿದ್ದ ಕಂಪನಿಯ ಗೋದಾಮಿಗೆ ಬೆಂಕಿ ಬಿದ್ದು 44 ನಾಟಕಗಳ 260 ದೃಶ್ಯಗಳ ಸೀನರಿ ಸುಟ್ಟುಹೋಯಿತು. ವಿಮೆಯಿಂದ ಬಂದದ್ದು ನಷ್ಟದ ಎದುರು ಏನೇನೂ ಅಲ್ಲ. ಅರ್ವಿಂಗ್ ಕಂಪನಿ ಆ ಪೆಟ್ಟಿನಿಂದ ಸುಧಾರಿಸಿಕೊಳ್ಳಲೇ ಇಲ್ಲ.

◆ ಲೈಸಿಯಂನ ಫಸ್ಸಿ ಎಂಬ ನಾಯಿಯನ್ನು ಬಿಡುವಂತಿಲ್ಲ. ಎಲೆನ್ ಟೆರ‍್ರಿಯ ನಾಯಿ, ಆಮೇಲೆ ಅರ್ವಿಂಗ್‌ಗೇ ಅಂಟಿಕೊಂಡದ್ದು. ಕಂಪನಿ ಅಮೆರಿಕಕ್ಕೆ ಹೊರಟಾಗ ಸೌತಾಂಪ್ಟನ್ ಬಳಿ ರೈಲಿಂದ ಇಳಿದು ತಪ್ಪಿಸಿಕೊಂಡಿತು. ದಿನಗಳ ಮೇಲೆ ಲಂಡನ್ನಿನ ಲೈಸಿಯಂ ಬಾಗಿಲಿಗೆ ತಾನೇ ಬಂದು ನಿಂತಿತು. ಅದರ ಕೊನೆಯೂ ರಂಗದ ಮೇಲೇ ಆಯಿತು. ಮ್ಯಾಂಚೆಸ್ಟರಿನಲ್ಲಿ ಬಡಗಿಯೊಬ್ಬ ತನ್ನ ಕೋಟನ್ನು ತೆರೆದ ಟ್ರ್ಯಾಪಿನ ಮೇಲೆ ಎಸೆದಿದ್ದ, ಜೇಬಿನಲ್ಲಿ ಹಂದಿಮಾಂಸದ ಸ್ಯಾಂಡ್‌ವಿಚ್. ವಾಸನೆ ಹಿಡಿದು ಹೋದ ಫಸ್ಸಿ ಕೋಟಿನ ಸಮೇತ ಕೆಳಗೆ ಬಿತ್ತು.

◆ ಡ್ರಾಕುಲಾನ ನಿಲುವಂಗಿಗೆ ಕಿವಿ ಮುಚ್ಚುವಷ್ಟು ಎತ್ತರದ ಕಾಲರ್ ಇರುತ್ತದಲ್ಲ, ಅದು ಸ್ಟೋಕರ್ ಬರೆದದ್ದಲ್ಲ. 1924ರಲ್ಲಿ ಹ್ಯಾಮಿಲ್ಟನ್ ಡೀನ್ ಎಂಬ ನಟ ಕಾದಂಬರಿಯನ್ನು ರಂಗಕ್ಕೆ ತಂದ. ನಟ ಪ್ರೇಕ್ಷಕರಿಗೆ ಬೆನ್ನು ಮಾಡಿ ನಿಂತಾಗ ತಲೆ ಕಾಣಬಾರದು; ಕಾಲರಿನ ಮರೆಯಲ್ಲೇ ಅಂಗಿಯಿಂದ ಜಾರಿ ಟ್ರ್ಯಾಪಿನೊಳಗೆ ಇಳಿಯಬೇಕು; ಹಿಡಿದವರ ಕೈಯಲ್ಲಿ ಖಾಲಿ ಬಟ್ಟೆ ಉಳಿಯಬೇಕು. ಸಿನಿಮಾದಲ್ಲಿ ಟ್ರ್ಯಾಪಿನ ಹಂಗಿಲ್ಲ, ಕಾಲರ್ ಮಾತ್ರ ಹಾಗೇ ಉಳಿಯಿತು. ಅದೇ ನಾಟಕ ಲಂಡನ್ನಿಗೆ ಬಂದಾಗ, ಮೂರ್ಛೆ ಹೋದವರಿಗೆಂದು ಸಮವಸ್ತ್ರದ ನರ್ಸ್‌ಳನ್ನು ಬಾಗಿಲಲ್ಲಿ ನಿಲ್ಲಿಸಿದ್ದರು. ಪ್ರಚಾರಕ್ಕೆ ಇದಕ್ಕಿಂತ ಅಗ್ಗದ ದಾರಿ ಯಾವುದು?

◆ ವಿಕ್ಟೋರಿಯಾ ಕಾಲದ ಇಂಗ್ಲಿಷ್ ರಂಗದ ಪರದೆ, ಟ್ರ್ಯಾಪು, ರಾಟೆಗಳ ಚಮತ್ಕಾರವೆಲ್ಲ ಪಾರ್ಸಿ ನಾಟಕ ಕಂಪನಿಗಳ ಮೂಲಕ ನಮ್ಮ ವೃತ್ತಿ ರಂಗಭೂಮಿಗೂ ಇಳಿದುಬಂತು. ದೇವರು ಮೇಲಿಂದ ಇಳಿಯುವ, ರಾಕ್ಷಸ ನೆಲ ಸೀಳಿಕೊಂಡು ಏಳುವ ಟ್ರಿಕ್ ಸೀನುಗಳಿಗಾಗಿಯೇ ಜನ ಟೆಂಟಿಗೆ ನುಗ್ಗುತ್ತಿದ್ದರು. ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ದಲ್ಲಂತೂ ನಿಜವಾದ ಆನೆಗಳೇ ರಂಗಕ್ಕೆ ಬಂದವು. ಹಗ್ಗ ಎಳೆದ ಕೈಗಳ ಕಥೆ ಮಾತ್ರ ನಮ್ಮಲ್ಲಿ ಬರೆದದ್ದು ಕಡಿಮೆ. ಗುಬ್ಬಿ ಕಂಪನಿಗೆ ಹುಡುಗನಾಗಿದ್ದಾಗ ಮನೆಬಿಟ್ಟು ಓಡಿಬಂದು ಸೇರಿದ ಬಿ.ವಿ. ಕಾರಂತರ ಆತ್ಮಕಥೆ ‘ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ’ ಇದಕ್ಕೊಂದು ಅಪವಾದ. ಅದನ್ನು ಅವರ ಬಾಯಿಂದ ಕೇಳಿ ಬರಹಕ್ಕಿಳಿಸಿದವರು ಕತೆಗಾರ್ತಿ ವೈದೇಹಿ.

◆ ಈಗ ಮಾಸ್ಕೊಗೆ. 1930ರ ಮಾರ್ಚ್‌ನಲ್ಲಿ ಲೇಖಕ ಮಿಖಾಯಿಲ್ ಬುಲ್ಗಾಕೊವ್ ಸೋವಿಯತ್ ಸರಕಾರಕ್ಕೆ ಉದ್ದನೆಯ ಕಾಗದ ಬರೆದ. ಅವನ ನಾಟಕಗಳನ್ನೆಲ್ಲ ನಿಲ್ಲಿಸಲಾಗಿತ್ತು, ಅನ್ನಕ್ಕೆ ದಾರಿಯಿರಲಿಲ್ಲ. ದೇಶ ಬಿಡಲು ಬಿಡಿ. ಇಲ್ಲವಾದರೆ ಥಿಯೇಟರಿನಲ್ಲಿ ನಿರ್ದೇಶಕನ ಕೆಲಸ ಕೊಡಿ. ಅದಾಗದಿದ್ದರೆ ಗುಂಪಿನಲ್ಲಿ ನಿಲ್ಲುವ ನಟನ ಕೆಲಸ. ಅದೂ ಆಗದಿದ್ದರೆ ರಂಗದ ಮೇಲೆ ಸಾಮಾನು ಹೊರುವ ಆಳಾಗಿಯಾದರೂ ಇಟ್ಟುಕೊಳ್ಳಿ ಎಂದು ಕೇಳಿದ್ದ. ಏಪ್ರಿಲ್ 18ರಂದು ಮನೆಗೆ ಫೋನ್ ಬಂತು. ಆ ಕಡೆ ಇದ್ದವನು ಸ್ಟಾಲಿನ್. ಬುಲ್ಗಾಕೊವ್ ಮಾಸ್ಕೊ ಆರ್ಟ್ ಥಿಯೇಟರಿನಲ್ಲಿ ಸಹಾಯಕ ನಿರ್ದೇಶಕನಾದ.

ಅಲ್ಲಿ ಕಂಡದ್ದೇ ಅವನ ‘ರಂಗಕಾದಂಬರಿ’ಯಾಯಿತು. 1936ರಲ್ಲಿ ಬರೆಯಲು ತೊಡಗಿ ಅರ್ಧಕ್ಕೆ ಬಿಟ್ಟ ಅದು ಅಚ್ಚಾದದ್ದು 1965ರಲ್ಲಿ, ಅವನು ಸತ್ತು 25 ವರ್ಷದ ಮೇಲೆ. ಹೊಸ ನಾಟಕಕಾರನೊಬ್ಬ ದೊಡ್ಡ ಥಿಯೇಟರಿನ ಒಳಗೆ ಕಾಲಿಟ್ಟು ತಾಲೀಮುಗಳ ಕಾಡಿನಲ್ಲಿ ಕಳೆದುಹೋಗುತ್ತಾನೆ. ಅದರ ಇಬ್ಬರು ಯಜಮಾನರಿಗೆ ಪರಸ್ಪರ ಮಾತಿಲ್ಲ. ಓದಿದವರಿಗೆಲ್ಲ ಗೊತ್ತು, ಅವರು ಸ್ಟಾನಿಸ್ಲಾವ್‌ಸ್ಕಿ ಮತ್ತು ನೆಮಿರೊವಿಚ್-ಡಾನ್‌ಚೆಂಕೊ. 1897ರಲ್ಲಿ ಮಧ್ಯಾಹ್ನದಿಂದ ಮರುದಿನ ಬೆಳಗಿನವರೆಗೆ ಒಂದೇ ಸಮನೆ ಮಾತಾಡಿ ಆ ಥಿಯೇಟರಿಗೆ ಬುನಾದಿ ಹಾಕಿದವರು ಇವರೇ! ತಾಲೀಮಿನ ಗೇಲಿಯೂ ಸುಳ್ಳಲ್ಲ. ಬುಲ್ಗಾಕೊವ್‌ನ ಮೊಲಿಯೇರ್ ಕುರಿತ ನಾಟಕಕ್ಕೆ ನಾಲ್ಕು ವರ್ಷ ತಾಲೀಮು ನಡೆದು 1936ರಲ್ಲಿ ಏಳೇ ಪ್ರಯೋಗಕ್ಕೆ ನಿಂತುಹೋಯಿತು.

ನನಗೆ ಹೆಚ್ಚು ಹಿಡಿಸುವುದು ಯಜಮಾನರ ಗೇಲಿಯಲ್ಲ, ಟಿಕೆಟ್ ಕೋಣೆಯ ಅಧಿಕಾರಿಯ ಚಿತ್ರ. ಪುಕ್ಕಟೆ ಸೀಟಿಗಾಗಿ ಬಂದವರ ಮುಖ ನೋಡಿದೊಡನೆ ಯಾರಿಗೆ ಎಷ್ಟನೇ ಸಾಲು, ಯಾರಿಗೆ ಬರೀ ನಮಸ್ಕಾರ ಎಂದು ಆತ ಒಂದೇ ಕ್ಷಣದಲ್ಲಿ ಅಳೆಯುತ್ತಾನೆ. ಮನುಷ್ಯರನ್ನು ಓದುವ ವಿದ್ಯೆಯಲ್ಲಿ ಆ ಗುಮಾಸ್ತ ಕಾದಂಬರಿಕಾರನಿಗೇ ಗುರು.

◆ ಅದೇ ಪುಸ್ತಕದಲ್ಲಿ ಬರುವ ಜೋರಿನ ಟೈಪಿಸ್ಟ್‌ಗೆ ಮಾದರಿ ಥಿಯೇಟರಿನ ಕಾರ್ಯದರ್ಶಿ ಓಲ್ಗಾ ಬೊಕ್‌ಶಾನ್‌ಸ್ಕಯಾ, ಬುಲ್ಗಾಕೊವ್‌ನ ಹೆಂಡತಿಯ ಅಕ್ಕ. 1938ರಲ್ಲಿ ಅವನ ಕಾದಂಬರಿ ‘ಮಾಸ್ಟರ್ ಮತ್ತು ಮಾರ್ಗರಿಟಾ’ದ ಹಸ್ತಪ್ರತಿಯನ್ನು ಟೈಪ್ ಮಾಡಿಕೊಟ್ಟವಳೂ ಆಕೆಯೇ.

◆ ನ್ಯೂಜಿಲೆಂಡಿನ ಪತ್ತೇದಾರಿ ಲೇಖಕಿ ನಯೊ ಮಾರ್ಷ್‌ಗೆ ಕಾದಂಬರಿ ಹಣಕ್ಕೆ, ನಾಟಕ ಪ್ರೀತಿಗೆ ಎಂಬಂತಿತ್ತು. ಹರೆಯದಲ್ಲಿ ಷೇಕ್ಸ್‌ಪಿಯರ್ ಆಡುವ ಸಂಚಾರಿ ಕಂಪನಿಯ ಜೊತೆ ಊರೂರು ಸುತ್ತಿದವಳು, ಆಮೇಲೆ ದಶಕಗಟ್ಟಲೆ ವಿದ್ಯಾರ್ಥಿಗಳಿಂದ ಷೇಕ್ಸ್‌ಪಿಯರ್ ಮಾಡಿಸಿದವಳು. ಆಕೆಯ ಕೊಲೆಗಾರರು ವಿಷದ ಬಾಟಲಿ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ, ರಂಗಪರಿಕರಗಳ ಮೇಜೇ ಸಾಕು. ‘ಎಂಟರ್ ಎ ಮರ್ಡರರ್’ನಲ್ಲಿ (1935) ಆಟದ ಪಿಸ್ತೂಲಿಗೆ ನಿಜವಾದ ಗುಂಡು ಸೇರುತ್ತದೆ. ‘ವಿಂಟೇಜ್ ಮರ್ಡರ್’ನಲ್ಲಿ (1937) ನಾಯಕನಟಿಯ ಹುಟ್ಟುಹಬ್ಬಕ್ಕೆಂದು ಮೇಲಿನಿಂದ ಹಗ್ಗದಲ್ಲಿ ಮೆಲ್ಲಗೆ ಇಳಿಸಬೇಕಿದ್ದ ಭಾರೀ ಷಾಂಪೇನ್ ಬಾಟಲಿ ಕಂಪನಿ ಮ್ಯಾನೇಜರನ ತಲೆಯ ಮೇಲೆ ಬೀಳುತ್ತದೆ, ಯಾರೋ ಎದುರುಭಾರ ತೆಗೆದಿದ್ದಾರೆ. ಎದುರುಭಾರದ ಲೆಕ್ಕ ಗೊತ್ತಿಲ್ಲದವರು ಈ ಕೊಲೆಯನ್ನು ಯೋಚಿಸಲೂ ಆಗದು, ಬಿಡಿಸಲೂ ಆಗದು. ಕೊನೆಯ ಕಾದಂಬರಿಯೂ ‘ಮ್ಯಾಕ್‌ಬೆತ್’ ಆಡುತ್ತಿರುವ ಥಿಯೇಟರಿನಲ್ಲೇ ನಡೆಯುತ್ತದೆ. ಆಕೆ ತೀರಿಕೊಂಡ ವರ್ಷ, 1982ರಲ್ಲಿ, ಅದು ಪ್ರಕಟವಾಯಿತು.

◆ ಕೆನಡಾದ ರಾಬರ್ಟ್‌ಸನ್ ಡೇವಿಸ್ ಎರಡನೇ ಮಹಾಯುದ್ಧಕ್ಕೆ ಮೊದಲು ಲಂಡನ್ನಿನ ಓಲ್ಡ್ ವಿಕ್‌ನಲ್ಲಿ ಸಣ್ಣಪುಟ್ಟ ಪಾತ್ರ, ಸಣ್ಣಪುಟ್ಟ ಕೆಲಸ ಮಾಡಿದವನು. ಮದುವೆಯಾದದ್ದೂ ಅಲ್ಲಿನ ಸ್ಟೇಜ್ ಮ್ಯಾನೇಜರಳನ್ನು. ಅವನ ‘ವರ್ಲ್ಡ್ ಆಫ್ ವಂಡರ್ಸ್’ನಲ್ಲಿ (1975) ಬರುವ ಮುದಿ ನಾಯಕನಟನಿಗೆ ಮಾದರಿ ಸರ್ ಜಾನ್ ಮಾರ್ಟಿನ್-ಹಾರ್ವೆ. ಈ ಮಾರ್ಟಿನ್-ಹಾರ್ವೆ ಪಳಗಿದ್ದು ಎಲ್ಲಿ ಗೊತ್ತೇ? ಅರ್ವಿಂಗ್‌ನ ಲೈಸಿಯಂನಲ್ಲಿ, ಸ್ಟೋಕರ್ ಸಂಬಳ ಬಟವಾಡೆ ಮಾಡುತ್ತಿದ್ದ ಕಾಲದಲ್ಲೇ.

◆ ಇಂಗ್ಲಿಷ್ ಲೇಖಕಿ ಬೆರಿಲ್ ಬೇನ್‌ಬ್ರಿಜ್ ಹದಿಹರೆಯದಲ್ಲಿ ಲಿವರ್‌ಪೂಲ್ ಪ್ಲೇಹೌಸ್‌ನಲ್ಲಿ ಸಹಾಯಕ ಸ್ಟೇಜ್ ಮ್ಯಾನೇಜರ್. ಆ ಅನುಭವ ಹೊತ್ತ ಕಾದಂಬರಿ ‘ಆ್ಯನ್ ಆಫುಲಿ ಬಿಗ್ ಅಡ್ವೆಂಚರ್’ (1989) ಬೂಕರ್ ಅಂತಿಮ ಪಟ್ಟಿಗೆ ಬಂತು. ಅದರ ನಾಯಕಿ ಸ್ಟೆಲ್ಲಾಳ ಕೆಲಸ ‘ಪೀಟರ್ ಪ್ಯಾನ್’ ನಾಟಕದಲ್ಲಿ ಟಾರ್ಚ್ ಬಿಟ್ಟು ಪುಟಾಣಿ ಯಕ್ಷಿಣಿಯ ಬೆಳಕು ಕುಣಿಸುವುದು. ಯಕ್ಷಿಣಿ ಬದುಕಲೆಂದು ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತಿರುವಾಗ ಅವಳ ಕೈಯಿಂದ ಟಾರ್ಚ್ ಬೀಳುತ್ತದೆ. ಸಭಾಂಗಣದ ತುಂಬ ಅಳು. ಇಡೀ ಕಥೆಯ ದುರಂತವನ್ನು ಒಂದು ಟಾರ್ಚಿನಲ್ಲಿ ಹಿಡಿದಿಟ್ಟ ಈ ಪುಟ, ಮುಂದೆ ಕೂತು ನಾಟಕ ನೋಡಿದವರು ಬರೆಯಬಹುದಾದದ್ದಲ್ಲ.

◆ ಮೈಕೆಲ್ ಫ್ರೇನ್ 1970ರಲ್ಲಿ ತನ್ನದೇ ನಗೆನಾಟಕವನ್ನು ಸೈಡ್ ವಿಂಗಿನಲ್ಲಿ ನಿಂತು ನೋಡಿದ. ಇಬ್ಬರೇ ನಟರು ಐದು ಪಾತ್ರಕ್ಕಾಗಿ ಬಟ್ಟೆ ಬದಲಿಸಿ ಓಡಾಡುವ ಧಾವಂತ ಪ್ರೇಕ್ಷಕರೆದುರಿನ ಆಟಕ್ಕಿಂತ ಹೆಚ್ಚು ನಗು ತರಿಸಿತು. ಅದೇ 1982ರಲ್ಲಿ ‘ನಾಯ್ಸಸ್ ಆಫ್’ ಆಯಿತು. ಎರಡನೇ ಅಂಕದಲ್ಲಿ ಇಡೀ ರಂಗಸಜ್ಜಿಕೆಯನ್ನೇ ತಿರುಗಿಸಿ ಪ್ರೇಕ್ಷಕರಿಗೆ ಅದರ ಬೆನ್ನು ತೋರಿಸುತ್ತಾರೆ. ಕಥೆಯಲ್ಲ, ನಾಟಕ, ಆದರೂ ಈ ಪಟ್ಟಿಯಿಂದ ಬಿಡಲು ಮನಸ್ಸಿಲ್ಲ.

◆ ‘ಫ್ಯಾಂಟಮ್ ಆಫ್ ದಿ ಆಪೆರಾ’ ಬರೆದ ಗ್ಯಾಸ್ಟನ್ ಲೆರೂ ಮಾತ್ರ ರಂಗದ ಒಳಗಿನವನಲ್ಲ, ಪತ್ರಕರ್ತ. ಪ್ಯಾರಿಸ್ಸಿನ ಆಪೆರಾ ಕಟ್ಟಡದ ತಳದಲ್ಲಿ ನೀರಿನ ತೊಟ್ಟಿ ಇರುವುದು ನಿಜ. 1896ರಲ್ಲಿ ಆಟದ ನಡುವೆ ದೀಪಗುಚ್ಛದ ಎದುರುಭಾರ ಕಳಚಿಬಿದ್ದು ಒಬ್ಬ ಹೆಂಗಸು ಸತ್ತದ್ದೂ ನಿಜ.

◆ ಜರ್ಮನಿಯ ಮಹಾಕವಿ ಗಯಟೆ 1791ರಿಂದ 26 ವರ್ಷ ವೈಮಾರ್‌ನ ಆಸ್ಥಾನ ರಂಗಮಂದಿರದ ಮೇಲ್ವಿಚಾರಕ. ನಟರ ಜಗಳ, ತಾಲೀಮು, ಖರ್ಚುವೆಚ್ಚ ಎಲ್ಲವನ್ನೂ ನೋಡಿಕೊಳ್ಳುತ್ತಲೇ, ಅಲೆಮಾರಿ ನಾಟಕ ತಂಡದ ಬೆನ್ನುಹತ್ತುವ ವ್ಯಾಪಾರಿಯ ಮಗನೊಬ್ಬನ ಕಾದಂಬರಿ ‘ವಿಲ್‌ಹೆಲ್ಮ್ ಮೈಸ್ಟರ್’ ಅನ್ನು 1795-96ರಲ್ಲಿ ಪ್ರಕಟಿಸಿದ. ಆ ಕೆಲಸ ಕೊನೆಗೊಂಡದ್ದು 1817ರಲ್ಲಿ, ಒಂದು ನಾಯಿಯ ಕಾರಣಕ್ಕೆ. ತರಬೇತಾದ ಪೂಡಲ್ ನಾಯಿಯೇ ಮುಖ್ಯಪಾತ್ರವಾಗಿದ್ದ ಜನಪ್ರಿಯ ನಾಟಕವೊಂದನ್ನು ವೈಮಾರ್‌ನಲ್ಲಿ ಆಡಿಸಬೇಕೆಂದು ಡ್ಯೂಕ್‌ಗೆ ಪ್ರಿಯಳಾದ ನಟಿ ಹಟ ಹಿಡಿದಳು. ನಾಯಿ ರಂಗ ಹತ್ತಕೂಡದು ಎಂದು ಕವಿ ಹಟ ಹಿಡಿದ. ನಾಯಿ ಹತ್ತಿತು, ಗಯಟೆ ಇಳಿದ.